ತುಟಿಯಲ್ಲೇ ಓದುವ ವೇಣಿ

ಪೀಣ್ಯ
೧೪-೭-೨೦೦೯

ಮೂರನೇ ಕ್ಲಾಸಿನ ಮೇಡಂ ಅವರಿಗೆ ನಮಸ್ಕಾರ.

ವೇಣಿಯನ್ನು ಮನೆಯಲ್ಲಿ ದಿನವೂ ಗಟ್ಟಿಯಾಗಿ ಓದಿಸಿ ಎಂದು ಹೇಳಿ ಕಳಿಸಿದ್ದೀರಿ. ನಮ್ಮದು ಒಂದೇ ರೂಮಿನ ಮನೆ. ಇಷ್ಟು ವರ್ಷ ನನಗೆ ಫ್ಯಾಕ್ಟರಿಯಲ್ಲಿ ನೈಟ್ ಶಿಫ್ಟ್ ಇತ್ತು. ಅವಳು ಸ್ಕೂಲಿಂದ ಬರುವ ಹೊತ್ತಿಗೆ ನಾನು ಮಲಗಿರುತ್ತಿದ್ದೆ. “ಸದ್ದು ಮಾಡ್ಬೇಡ, ಅಪ್ಪ ಎದ್ಬಿಡ್ತಾರೆ” ಎಂದು ಅವರಮ್ಮ ಹೇಳಿ ಹೇಳಿ, ಮಗು ತುಟಿಯಲ್ಲೇ ಓದುವುದನ್ನು ಕಲಿತಿತು.

ಈಗ ಹಗಲು ಶಿಫ್ಟ್ ಸಿಕ್ಕಿದೆ. ನಿನ್ನೆ ಸಂಜೆ ಪಕ್ಕದಲ್ಲೇ ಕೂತು, “ಓದು ಮಗಾ, ಕೇಳ್ತೀನಿ” ಅಂದೆ. ತುಟಿ ಆಡಿತು, ಸದ್ದು ಬರಲಿಲ್ಲ. ಗಟ್ಟಿಯಾಗಿ ಓದು ಅಂದರೆ, “ನೀನು ಮಲ್ಕೊಳಲ್ವಾ ಅಪ್ಪಾ?” ಎಂದು ಪಿಸುಗುಟ್ಟಿದಳು.

ಓದು ಬರುವುದಿಲ್ಲವೆಂದು ದಯವಿಟ್ಟು ಬೈಯಬೇಡಿ. ಗುರುವಾರ ನನಗೆ ರಜೆ. ಅವಳನ್ನು ಕ್ಲಾಸಿನ ಕಿಟಕಿ ಹತ್ತಿರ ನಿಲ್ಲಿಸಿ ಓದಿಸಿ, ನಾನು ಹೊರಗೆ ನಿಂತಿರುತ್ತೇನೆ. ಅವಳಿಗೆ ಮಾತ್ರ ಹೇಳಬೇಡಿ. ನಾನಿದ್ದೇನೆಂದು ಗೊತ್ತಾದರೆ ದನಿ ತಗ್ಗಿಸುತ್ತಾಳೆ.

ಇಂತಿ,
ವೇಣಿಯ ತಂದೆ
ಕೆಂಪರಾಜು