ವೈರು ಕಿತ್ತ ಮೇಲೂ ಉಳಿದ ಫೋಟೋ

ಅನುಗೊಂಡನಹಳ್ಳಿ
ಭಾನುವಾರ, 14-7-2019

ಮಗನೇ ಸುನಿಲ್‌ಕುಮಾರ, ನಿನಗೆ ದೇವರು ಆಯುಸ್ಸು ಆರೋಗ್ಯ ಕೊಡಲಿ.

ಊಟ ಸೇರುತ್ತಿದೆಯೇ? ನಿದ್ದೆ ಬರುತ್ತಿದೆಯೇ? ಕೈ ನಡುಗುವುದು ಕಡಿಮೆಯಾಗಿದೆ ಎಂದು ನಿನ್ನ ಸೋದರಮಾವ ಮುನಿರಾಮಯ್ಯ ಬಂದು ಹೇಳಿದ. ಕುಡಿತ ಬಿಡಿಸುವ ಆ ಕೇಂದ್ರದಲ್ಲಿ ಫೋನ್ ಕೊಡುವುದಿಲ್ಲವಂತೆ. ಒಳ್ಳೆಯದೇ ಆಯಿತು. ಫೋನಿನಲ್ಲಾದರೆ ನಾನು ಎರಡು ಮಾತು ಆಡುವಷ್ಟರಲ್ಲಿ ನೀನು ನಾಲ್ಕು ಆಡುತ್ತೀಯ. ಕಾಗದವನ್ನು ಸುಮ್ಮನೆ ಕೂತು ಓದಬೇಕು. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನನ್ನ ಮಂಡಿನೋವು ಇದ್ದ ಹಾಗೇ ಇದೆ, ಅದನ್ನು ಕೇಳಬೇಡ.

ಮುನಿರಾಮಯ್ಯನ ಹತ್ತಿರ ನೀನು ಹೇಳಿ ಕಳಿಸಿದ್ದೂ ತಲುಪಿತು. ನೀನು ಬರುವವರೆಗೆ ಸ್ಟುಡಿಯೋ ಬಾಗಿಲು ಹಾಕಬೇಕು, ನವ್ಯಶ್ರೀ ಅಲ್ಲಿ ಕೂರಬಾರದು, ನಿನ್ನ ಕಂಪ್ಯೂಟರನ್ನು ಯಾರೂ ಮುಟ್ಟಬಾರದು, ಅಲ್ಲವೇ? ಹೆಂಡತಿಗೆ ಹೇಳುವ ಮಾತನ್ನು ಸೋದರಮಾವನ ಕೈಲಿ ಕಳಿಸುವುದು ನಮ್ಮ ಮನೆಯಲ್ಲಿ ಯಾವತ್ತೂ ಇರಲಿಲ್ಲ. ಇರಲಿ. ಆ ಬಾಗಿಲು ಆಷಾಢ ಹುಟ್ಟುವ ಮೊದಲೇ ಮುಚ್ಚಿಹೋಗುತ್ತಿತ್ತು. ಏನಾಯಿತೆಂದು ನೀನು ಬೇರೆಯವರ ಬಾಯಿಂದ ಕೇಳುವುದು ಬೇಡ, ನಾನೇ ಬರೆಯುತ್ತೇನೆ.

ನೀನು ಹೋದ ವಾರದಲ್ಲೇ ಕಂಪ್ಯೂಟರ್ ಕೆಟ್ಟಿತು. ರಿಪೇರಿಯವನು ಒಳಗಿದ್ದದ್ದನ್ನೆಲ್ಲ ಅಳಿಸಿ ಹೊಸದಾಗಿ ಮಾಡಿಕೊಟ್ಟ. ಆಮೇಲೆ, ನೀನು ಎಲ್ಲಿಂದಲೋ ನಕಲು ಮಾಡಿಸಿ ತಂದಿದ್ದ ಫೋಟೋ ಸಾಫ್ಟ್‌ವೇರ್ ಏನೋ ನಂಬರು ಕೇಳುತ್ತಾ ಕೂತಿತು. ಆ ನಂಬರು ಯಾರ ಹತ್ತಿರವೂ ಇಲ್ಲ. ಏರ್‌ಪೋರ್ಟ್ ಕೆಲಸಕ್ಕೆ ಹೋಗುವ ಹುಡುಗರು ಪಾಸಿನ ಫೋಟೋಗೆಂದು ಬಂದು, ಇಲ್ಲಿ ಆಗದೆ ಹೊಸಕೋಟೆಗೆ ಹೋಗತೊಡಗಿದರು. ಆಗ ನವ್ಯಶ್ರೀ ಇಂಟರ್ನೆಟ್ಟಿನಲ್ಲಿ ಒಂದು ಪುಟ ತೆರೆದಳು. ದುಡ್ಡು ಕೊಡಬೇಕಾಗಿಲ್ಲವಂತೆ, ಕಂಪ್ಯೂಟರಿಗೆ ಏನನ್ನೂ ಹಾಕಿಕೊಳ್ಳಬೇಕಾಗಿಲ್ಲವಂತೆ. ಕತ್ತರಿಸುವುದು, ಬಣ್ಣ ಸರಿಮಾಡುವುದು, ಹಿಂದಿನ ಪರದೆ ಬದಲಿಸುವುದು ಎಲ್ಲ ಆ ಪುಟದಲ್ಲೇ. ಬಲಗಡೆ ಜಾಹೀರಾತುಗಳು ಬರುತ್ತವೆ, ಅಷ್ಟೇ. ನನಗೆ ಅದು ಹಿಡಿಸಲಿಲ್ಲ. ಬಿಟ್ಟಿ ಕೊಡುವವನು ಯಾಕೆ ಕೊಡುತ್ತಾನೆ ಎಂದು ಕೇಳಿದೆ. ಜಾಹೀರಾತಿಗೆ ಅತ್ತೆ, ಎಂದಳು. ಹೆಣ್ಣುಮಗಳು ಒಬ್ಬಳೇ ಅಂಗಡಿಯಲ್ಲಿ ಕೂತಳು ಎನ್ನುವ ಮಾತು ಬರಬಾರದೆಂದು ನಾನೂ ದಿನಾ ಹೋಗಿ ಬಾಗಿಲ ಹತ್ತಿರ ಸ್ಟೂಲು ಹಾಕಿಕೊಂಡು ಕೂರುತ್ತಿದ್ದೆ.

ಜ್ಯೇಷ್ಠದ ಕೊನೆಯ ಶುಕ್ರವಾರ ಗಂಗಣ್ಣ ಬಂದ. ಅವನ ಮಗಳು ಕೀರ್ತನಳಿಗೆ ನಲ್ಲೂರಿನ ಕಡೆಯ ಸಂಬಂಧ. ಆಷಾಢ ಹುಟ್ಟಿದರೆ ಹೆಣ್ಣಿನ ಮಾತೆತ್ತುವಂತಿಲ್ಲ, ಆದ್ದರಿಂದ ಫೋಟೋ ಅವತ್ತೇ ಗಂಡಿನವರ ಕೈ ಸೇರಬೇಕು. ಹುಡುಗಿ ಪರೀಕ್ಷೆಗೆಂದು ಹಾಸ್ಟೆಲಿನಲ್ಲಿದ್ದಳು. ಇದ್ದದ್ದು ಯಾವುದೋ ಮದುವೆಯಲ್ಲಿ ತೆಗೆದ ಒಂದೇ ಫೋಟೋ, ಅದರಲ್ಲಿ ಅವಳ ಸೋದರತ್ತೆ ಹೆಗಲ ಮೇಲೆ ಕೈ ಹಾಕಿಕೊಂಡು ನಿಂತಿದ್ದಾಳೆ. ಸೋದರತ್ತೆಯನ್ನೂ ಕೈಯನ್ನೂ ತೆಗೆದು ಹುಡುಗಿಯನ್ನು ಒಬ್ಬಳನ್ನೇ ನಿಲ್ಲಿಸಿಕೊಡಬೇಕಿತ್ತು. ಜೊತೆಗೆ ಅವನ ತಮ್ಮ ಚಿಕ್ಕಬೀರಪ್ಪನೂ ಬಂದಿದ್ದ. ಫೋಟೋ ಇನ್ನೊಬ್ಬರ ಕಣ್ಣಿಗೆ ಬೀಳದ ಹಾಗೆ ಇಸಿದುಕೊಂಡು ಹೋಗುವುದು ಅವನ ಕೆಲಸ. ಒಂದು ಮನೆಗೆ ಕೊಟ್ಟ ಹೆಣ್ಣಿನ ಫೋಟೋ ಇನ್ನೊಂದು ಮನೆಯಲ್ಲಿ ಕಂಡರೆ ಇಬ್ಬರೂ ಬೀಗರಾಗುವುದಿಲ್ಲ, ನಿನಗೇ ಗೊತ್ತು.

ನವ್ಯಶ್ರೀ ಕೈಯನ್ನು ಅರ್ಧ ಅಳಿಸಿದ್ದಳು. ಅಷ್ಟರಲ್ಲಿ ಪಕ್ಕದಲ್ಲಿ ಜಾಹೀರಾತು ಬದಲಾಯಿತು. ಮದುವೆ ಸಂಬಂಧ ಕೂಡಿಸುವ ಕಂಪನಿಯದು. ಯಾರೋ ಒಬ್ಬ ಗಂಡು, ತಲೆಗೆ ಪೇಟ, ನಗುತ್ತಾ ನಿಂತಿದ್ದಾನೆ. ಪಕ್ಕದಲ್ಲಿ ಕೀರ್ತನ. ನೋಡಿದವರಿಗೆ ಜೋಡಿ ನಿಲ್ಲಿಸಿದ ಹಾಗೇ ಇತ್ತು.

ಗಂಗಣ್ಣ ಎದ್ದು ನಿಂತ. "ಏನ್ ಅಕ್ಕಯಮ್ಮ ಇದು? ನಮ್ಮ ಹುಡುಗೀನ ಇಂಟರ್ನೆಟ್ಟಲ್ಲಿ ಗಂಡಿಗೆ ತೋರಿಸ್ತಾ ಕೂತಿದೀರಾ?" ಎಂದ. ಚಿಕ್ಕಬೀರಪ್ಪ ರಸ್ತೆಯವರಿಗೂ ಕೇಳುವ ಹಾಗೆ, ಇನ್ನು ಈ ಸ್ಟುಡಿಯೋಗೆ ಯಾವ ಮನೆಯವರು ಹೆಣ್ಣುಮಗಳನ್ನು ಕಳಿಸುತ್ತಾರೋ ನೋಡುತ್ತೇನೆ ಎಂದು ಕೂಗಿದ. ಟೀ ಅಂಗಡಿಯಿಂದ ಜನ ಎದ್ದು ಬಂದು ಬಾಗಿಲಲ್ಲಿ ನಿಂತರು. ನವ್ಯಶ್ರೀ ಅದು ಬರೀ ಜಾಹೀರಾತು, ಫೋಟೋ ಎಲ್ಲಿಗೂ ಹೋಗಿಲ್ಲ ಎನ್ನುತ್ತಿದ್ದಳು. ಕೇಳುವವರು ಯಾರು? ಹೆಣ್ಣಿನ ಫೋಟೋ ಬೀದಿಗೆ ಬಿತ್ತು ಎಂಬ ಒಂದು ಮಾತು ಹೊರಟರೆ ಆಮೇಲೆ ನಾವು ಅಂಗಡಿ ತೆಗೆದರೂ ಒಂದೇ, ಮುಚ್ಚಿದರೂ ಒಂದೇ.

ನಾನು ಎದ್ದು ಹೋಗಿ ಗೋಡೆಯ ಪೆಟ್ಟಿಗೆಯಿಂದ ಇಂಟರ್ನೆಟ್ಟಿನ ವೈರನ್ನು ಕಿತ್ತೆ. ಫೋಟೋ ಆಚೆ ಹೋಗುತ್ತಿದ್ದರೆ ಅಲ್ಲಿಗೇ ನಿಲ್ಲಲಿ ಎಂದು ಕಿತ್ತೆ. ಪರದೆ ಕಪ್ಪಾಗುತ್ತದೆ, ಹುಡುಗಿ ಮಾಯವಾಗುತ್ತಾಳೆ ಎಂದು ಎಲ್ಲರೂ ನೋಡುತ್ತಾ ನಿಂತರು. ಸ್ವಲ್ಪ ಹೊತ್ತಿಗೆ ಆ ಪೇಟದ ಗಂಡು ಹೋದ, ಅವನಿದ್ದ ಜಾಗ ಬಿಳಿಯಾಯಿತು. ಕೀರ್ತನ ಮಾತ್ರ ಇದ್ದಲ್ಲೇ ಇದ್ದಳು.

ವೈರನ್ನು ಮತ್ತೆ ಪೆಟ್ಟಿಗೆಗೆ ಚುಚ್ಚಲು ಹೋದೆ. "ಬೇಡ ಅತ್ತೆ, ಹಂಗೇ ಇರ್ಲಿ" ಎಂದಳು ನವ್ಯಶ್ರೀ. ನಾನು ವೈರನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತೆ. ಅವಳು ಉಳಿದರ್ಧ ಕೈ ಅಳಿಸಿದಳು, ಸೀರೆಯ ಅಂಚು ಕೂಡಿಸಿದಳು, ಹಿಂದೆ ತಿಳಿನೀಲಿ ಹಾಕಿದಳು. "ಪುಟ ಬಂದಿದ್ದು ಇಂಟರ್ನೆಟ್ಟಿಂದ. ಫೋಟೋ ಮಾತ್ರ ಈ ಡಬ್ಬ ಬಿಟ್ಟು ಆಚೆ ಹೋಗಿಲ್ಲ ಗಂಗಣ್ಣ ಮಾವ. ಹೋಗಿದ್ದಿದ್ರೆ ಈಗ ಹೆಂಗ್ ಕೆಲಸ ಮಾಡ್ತಿದ್ದೆ ನಾನು?" ಎಂದಳು. ದನಿ ಏರಿಸಲಿಲ್ಲ. ಪ್ರಿಂಟಿಗೆ ಒತ್ತಿದಳು. ಪ್ರಿಂಟು ಬಂತು, ಗಂಗಣ್ಣ ಬೆಳಕಿಗೆ ಹಿಡಿದು ನೋಡಿದ.

ಸೋತವನ ಹಾಗೆ ಹೋಗಬಾರದಲ್ಲ, "ಏನೇ ಆಗ್ಲಿ, ಸುನಿಲ ಇದ್ದಿದ್ರೆ ಮುಖ ಇನ್ನೊಂಚೂರು ಬೆಳ್ಳಗೆ ಮಾಡ್ಕೊಡೋನು" ಎಂದ. ನಾನು ಬಿಡಲಿಲ್ಲ. "ಅವನು ಮಾಡಿದ್ರೆ ನಿನ್ನ ಮಗಳು ಸುಣ್ಣ ಹೊಡೆದ ಗೋಡೆ ಥರ ಇರೋಳು ಗಂಗಣ್ಣ. ಗಂಡಿನೋರು ಬಂದು ಹುಡುಗಿ ಎಲ್ಲಿ ಅಂತ ಹುಡುಕಬೇಕಾಗಿತ್ತು" ಎಂದೆ. ಬಾಗಿಲಲ್ಲಿ ಯಾರೋ ನಕ್ಕರು. ಜನ ಕರಗಿದರು. ಬೇಜಾರು ಮಾಡಿಕೊಳ್ಳಬೇಡ, ಇದ್ದದ್ದನ್ನೇ ಹೇಳಿದೆ.

ಅವಳು ಈಗಲೂ ಅದೇ ಪುಟದಲ್ಲಿ ಕೆಲಸ ಮಾಡುತ್ತಾಳೆ. ಹೆಣ್ಣಿನ ಫೋಟೋ ಬಂದರೆ ಮೊದಲು ಅವಳು ಪುಟ ತೆರೆದುಕೊಳ್ಳುತ್ತಾಳೆ, ಆಮೇಲೆ ಬಂದವರ ಎದುರಿಗೇ ನಾನು ವೈರು ತೆಗೆಯುತ್ತೇನೆ. ಜಡಿಗೇನಹಳ್ಳಿ ಕಡೆಯವರೂ ಬರಲು ಶುರುಮಾಡಿದ್ದಾರೆ.

ಅಲ್ಲಿಯವರು ಕೊಟ್ಟ ಮಾತ್ರೆ ತಪ್ಪದೆ ನುಂಗು. ಯಾರ ಮೇಲೂ ರೇಗಬೇಡ. ಕಣಿವೆಯ ದೇವಿ ನಿನ್ನನ್ನು ಕಾಯಲಿ.

ಇತಿ ನಿನ್ನ ತಾಯಿ,
ಅಕ್ಕಯಮ್ಮ

ಮರೆತಿದ್ದೆ: ನಲ್ಲೂರಿನವರು ಅಮಾವಾಸ್ಯೆಗೆ ಮುಂಚೆಯೇ ಬಂದು ಹುಡುಗಿಯನ್ನು ನೋಡಿ ಒಪ್ಪಿದರು. ಶ್ರಾವಣದಲ್ಲಿ ಮದುವೆ, ಆ ಹೊತ್ತಿಗೆ ನೀನೂ ಬಂದಿರುತ್ತೀಯ. ಗಂಗಣ್ಣ ಫೋಟೋ ಆಲ್ಬಮ್ಮಿನ ಕೆಲಸಕ್ಕೆ ಎಲೆ ಅಡಿಕೆ ತಂದ. ನಾನು ಕೈ ಚಾಚಲಿಲ್ಲ, ನವ್ಯಶ್ರೀಯ ಕೈಗೆ ಕೊಡಿಸಿದೆ. ಅವಳಿಗೆ ಕ್ಯಾಮೆರಾ ಹಿಡಿಯುವವರೊಬ್ಬರು ಬೇಕು, ಕುಡಿಯದವರಾಗಿರಬೇಕು ಎಂದು ವಿಚಾರಿಸುತ್ತಿದ್ದಾಳೆ. ನಿನಗೆ ಬರುವ ಮನಸ್ಸಿದ್ದರೆ ಅವಳಿಗೇ ಬರೆದು ಕೇಳು. ನಾನು ನಿನ್ನ ಪರವಾಗಿ ಒಂದು ಮಾತೂ ಆಡುವುದಿಲ್ಲ.