ಟಿವಿಯೊಳಗಿನ ತಾತ

ಸೇಂಟ್ ಲಿಯೋನ್-ರೋಟ್, ಜರ್ಮನಿ
8 ಫೆಬ್ರವರಿ 2004, ಭಾನುವಾರ

ಮಾವನವರಿಗೆ ನಿಮ್ಮ ಸೊಸೆ ನಿಶ್ಚಿತಾಳ ನಮಸ್ಕಾರ.

ಇದು ಅತ್ತೆಗೆ ಬರೆದ ಕಾಗದವಲ್ಲ, ತೆಗೆದು ಅವರ ಕೈಗೆ ಕೊಟ್ಟುಬಿಡಬೇಡಿ. ಫೋನಿನಲ್ಲಾದರೆ "ಇರು, ಅವಳಿಗೆ ಕೊಡ್ತೀನಿ" ಅಂದು ಜಾರಿಕೊಳ್ಳುತ್ತೀರಿ. ಕಾಗದದಲ್ಲಿ ಆ ಅನುಕೂಲವಿಲ್ಲ. ಕನ್ನಡಕ ಹಾಕಿಕೊಂಡು ವೆರಾಂಡದ ಕುರ್ಚಿಯಲ್ಲಿ ಕೂತು ಪೂರ್ತಿ ಓದಿ. ನಡುವೆ ನಿಮಗೆ ಸಿಟ್ಟು ಬರುವ ಜಾಗವೊಂದಿದೆ, ಅಲ್ಲಿ ಎದ್ದು ಹೋಗಬೇಡಿ.

ಧಾತ್ರಿ ಚೆನ್ನಾಗಿದ್ದಾಳೆ. ಬರುವ ತಿಂಗಳು ನಾಲ್ಕು ತುಂಬುತ್ತದೆ. ಕಿಂಡರ್‌ಗಾರ್ಟನ್‌ಗೆ ಹೋಗುತ್ತಾಳೆ, ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಜರ್ಮನ್‌ನಲ್ಲಿ ಉತ್ತರ ಕೊಡುತ್ತಾಳೆ. ನನಗೆ ಕಾರ್ಲ್ಸ್‌ರುಹೆಯಲ್ಲಿ ಕೆಲಸ ಸಿಕ್ಕಿದೆ. ಏಪ್ರಿಲ್‌ನಲ್ಲಿ ಈ ಮನೆ ಬಿಟ್ಟು ಅಲ್ಲಿಗೆ ಹೋಗುತ್ತೇವೆ. ಸಾಮಾನು ಕಟ್ಟುವಾಗ ಸ್ವರೂಪ್ ಇಟ್ಟುಕೊಂಡಿದ್ದ ವಿಡಿಯೋ ಕ್ಯಾಸೆಟ್ಟುಗಳು ಕೈಗೆ ಬಂದವು. ಅವನ್ನು ನೋಡಿದ ಮೇಲೆ ಬರೆಯದೆ ಇರಲಾಗಲಿಲ್ಲ.

ನಿಮಗೆ ಗೊತ್ತಿರುವುದೇ, ಆದರೂ ಬರೆಯುತ್ತೇನೆ. ಸೆಪ್ಟೆಂಬರಿನಲ್ಲಿ ಕೆಲಸಕ್ಕೆ ಹೊರಟ ಸ್ವರೂಪ್ ಬಸ್ ಸ್ಟಾಪಿನಲ್ಲಿ ಎದೆ ಹಿಡಿದುಕೊಂಡು ಬಿದ್ದವರು ಏಳಲೇ ಇಲ್ಲ. ನಾನು ಅಸ್ಥಿ ತೆಗೆದುಕೊಂಡು ಮೈಸೂರಿಗೆ ಬಂದೆ. ಪಶ್ಚಿಮವಾಹಿನಿಯಲ್ಲಿ ವಿಸರ್ಜನೆ ಮುಗಿಸಿ ನೀವು ಒದ್ದೆ ಪಂಚೆಯಲ್ಲಿ ಮೆಟ್ಟಿಲು ಹತ್ತಿ ಬಂದು ನನ್ನನ್ನು ಒಂದೇ ಪ್ರಶ್ನೆ ಕೇಳಿದಿರಿ. "ಅವನು ನನ್ನ ವಿಷಯ ಏನಾದ್ರೂ ಮಾತಾಡ್ತಿದ್ನೇನಮ್ಮ?" ನಾನು, "ದಿನಾ ಮಾತಾಡ್ತಿದ್ರು ಮಾವ" ಅಂದೆ. ನೀವು, "ಸಮಾಧಾನಕ್ಕೆ ಏನೇನೋ ಹೇಳ್ಬೇಡ" ಅಂದು ಕಾರು ಹತ್ತಿದಿರಿ.

ಅವತ್ತು ಸಂಜೆಯೇ ಇನ್ನೊಂದು ಏಟು. ಅಲ್ಲಿಯವರೆಗೆ ಜ್ವರ ಬಂದು ನಮ್ಮಮ್ಮನ ಮನೆಯಲ್ಲಿದ್ದ ಧಾತ್ರಿಯನ್ನು ಕರೆತಂದು ನಿಮ್ಮ ಮುಂದೆ ನಿಲ್ಲಿಸಿ, ಇವರೇ ನಿನ್ನ ತಾತ ಅಂದೆ. ಅವಳು ನಿಮ್ಮನ್ನು ಕಾಲಿನಿಂದ ತಲೆಯವರೆಗೆ ನೋಡಿ, "ನೈನ್" ಅಂದಳು, ಅಲ್ಲ ಅಂತ. ಆಮೇಲೆ ನಿಮ್ಮ ಹಿಂದೆ, ಕುರ್ಚಿಯ ಹಿಂದೆ, ಅಡುಗೆಮನೆಯಲ್ಲಿ ಹುಡುಕುತ್ತ ಓಪಾ ಎಲ್ಲಿ, ಓಪಾ ಎಲ್ಲಿ ಅಂತ ಕೇಳಿದಳು. ಓಪಾ ಅಂದರೆ ಇಲ್ಲಿ ತಾತ. ಅದನ್ನು ಯಾರೂ ನಿಮಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ನಿಮ್ಮ ಮುಖ ನಾನು ನೋಡಿದೆ.

ಅಂದಿನಿಂದ ನೀವು ಫೋನಿನಲ್ಲಿ ನಮ್ಮ ಜೊತೆ ಮಾತೇ ಆಡುತ್ತಿಲ್ಲ. ಹೋದ ವಾರ ಅತ್ತೆ ಅಳುತ್ತ ಹೇಳಿದರು. ನೀವು, "ಮಗು ಮುಂದೆ ಅವನು ನನ್ನ ಹೆಸರೇ ಎತ್ತಿಲ್ಲ. ಆ ದೇಶದಲ್ಲಿ ನಮಗೆ ಯಾರೂ ಇಲ್ಲ ಅಂದ್ಕೊಂಬಿಡು" ಅಂದಿರಂತೆ. ಆ 'ಯಾರೂ' ಎನ್ನುವುದರಲ್ಲಿ ನಾನೂ ಧಾತ್ರಿಯೂ ಬಂದೆವಲ್ಲ ಮಾವ. ಅದಕ್ಕೇ ಈಗ ನಿಜವನ್ನು ಪೂರ್ತಿ ಹೇಳಬೇಕಾಗಿದೆ.

ಸ್ವರೂಪ್ ದಿನಾ ನಿಮ್ಮ ವಿಷಯ ಮಾತಾಡುತ್ತಿದ್ದದ್ದು ನಿಜ. ಆದರೆ ನಗುತ್ತ ಮಾತಾಡುತ್ತಿದ್ದರು. ಆ ನದಿಯ ದಡದಲ್ಲಿ ಅದನ್ನು ನಿಮಗೆ ಹೇಗೆ ಹೇಳಲಿ?

ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲಿ, ಅವರ ಆಫೀಸಿನಲ್ಲಿರುವ ಮಂಗಳೂರು ಕಡೆಯ ಪೀಟರ್ ಲಂಡನ್ನಿಗೆ ಹೋಗಿ ಬಂದವರು ಒಂದು ಇಂಗ್ಲಿಷ್ ಹಾಸ್ಯ ಧಾರಾವಾಹಿಯ ಕ್ಯಾಸೆಟ್ಟುಗಳನ್ನು ಕೊಟ್ಟರು. ಸಣ್ಣ ಊರಿನ ಒಂದು ಪಾರ್ಕು, ಅದಕ್ಕೊಬ್ಬ ವಯಸ್ಸಾದ ಸೂಪರಿಂಟೆಂಡೆಂಟ್. ಹೆಸರು ಮಿಸ್ಟರ್ ವೆದರ್‌ಬಿ. ಬಿಸಿಲಿರಲಿ ಮಳೆಯಿರಲಿ ಕಂಕುಳಲ್ಲಿ ಕೊಡೆ, ಕೊರಳಲ್ಲಿ ವಿಷಲ್. ಯಾರಾದರೂ ಹುಲ್ಲು ತುಳಿದರೆ ಊದುತ್ತಾನೆ, ಯಾರೂ ತಿರುಗಿ ನೋಡುವುದಿಲ್ಲ, ಎಲ್ಲಿಂದಲೋ ಒಂದು ನಾಯಿ ಮಾತ್ರ ಓಡಿ ಬರುತ್ತದೆ. ಮೇಯರ್ ಬಂದ ದಿನ ಗುಲಾಬಿ ಮಡಿಯ ಮುಂದೆ ಎದೆ ಸೆಟೆಸಿ ಭಾಷಣ ಶುರು ಮಾಡುತ್ತಾನೆ, ಹಿಂದೆ ನೀರಿನ ಪೈಪು ಬಿಚ್ಚಿಕೊಳ್ಳುತ್ತದೆ. ಅವನು ಭಾಷಣ ನಿಲ್ಲಿಸುವುದಿಲ್ಲ. ಕೊಡೆ ಬಿಚ್ಚಿ ಹಿಡಿದು ಮುಂದುವರಿಸುತ್ತಾನೆ.

ಸ್ವರೂಪ್ ಸೋಫಾದಿಂದ ಎದ್ದು ಟಿವಿಯ ಹತ್ತಿರ ಹೋಗಿ ಕೂತರು. "ನಿಶ್ಚಿ, ಅಪ್ಪ ಇಲ್ಲಿದಾರೆ ನೋಡೆ" ಅಂದರು.

ಇದೇ ನಾನು ಹೇಳಿದ ಜಾಗ. ಕೂತುಕೊಳ್ಳಿ.

ನಿಮ್ಮ ನಿವೃತ್ತಿಯ ದಿನ ನಡೆದದ್ದನ್ನು ನಾನೂ ಮರೆತಿಲ್ಲ. ತೋಟಗಾರಿಕೆ ಇಲಾಖೆಯವರೆಲ್ಲ ಸೇರಿದ್ದ ಸಭೆಯಲ್ಲಿ ಸ್ವರೂಪ್ ವೇದಿಕೆ ಹತ್ತಿ, ನಿಮ್ಮದೇ ಕೊಡೆ, ನಿಮ್ಮದೇ ಹಿತ್ತಾಳೆ ವಿಷಲ್ ಹಿಡಿದು ನಿಮ್ಮನ್ನೇ ಅನುಕರಿಸಿ ತೋರಿಸಿದರು. ದಸರಾ ಫಲಪುಷ್ಪ ಪ್ರದರ್ಶನದಲ್ಲಿ ನೀವು ಸೇವಂತಿಗೆ ಮುಟ್ಟಿದವರ ಹಿಂದೆ ಓಡುವುದು, ಊದಿ ಊದಿ ಕೆಮ್ಮು ಬರುವುದು, ಕೆಮ್ಮುತ್ತಲೇ ಆ ಹೂವಿನ ಲ್ಯಾಟಿನ್ ಹೆಸರು ಹೇಳಿ ಬೈಯುವುದು. ಮಾಲಿಗಳಿಂದ ಹಿಡಿದು ದೊಡ್ಡ ಸಾಹೇಬರವರೆಗೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನೀವು ಹಾರ ತೆಗೆದು ಮೇಜಿನ ಮೇಲಿಟ್ಟು ಇಳಿದುಹೋದಿರಿ. "ನಗಿಸೋಕೆ ನಿಂಗೆ ನಾನೇ ಬೇಕಾಗಿತ್ತಾ" ಎನ್ನುವುದೇ ನೀವು ಮಗನ ಮುಖ ನೋಡಿ ಆಡಿದ ಕೊನೆಯ ಮಾತಾಯಿತು. ಆ ಗಡಿಬಿಡಿಯಲ್ಲಿ ವಿಷಲ್ ಕಳೆದುಹೋಯಿತು. ಮಾಲಿ ಸಿದ್ದರಾಮಪ್ಪನೇ ಎತ್ತಿಕೊಂಡಿದ್ದಾನೆ ಅಂತ ನೀವು ಅವನ ಮೇಲೂ ಮುನಿಸಿಕೊಂಡಿರಿ. ಜರ್ಮನಿಯವರು ಸಾಫ್ಟ್‌ವೇರ್ ಜನಕ್ಕೆ ಗ್ರೀನ್ ಕಾರ್ಡ್ ಕೊಡಲು ಶುರು ಮಾಡಿದ ವರ್ಷ ಅದು. ಎಳೆಗೂಸಾಗಿದ್ದ ಧಾತ್ರಿಯನ್ನು ಎತ್ತಿಕೊಂಡು ನಾವು ವಿಮಾನ ಹತ್ತುವ ದಿನವೂ ನೀವು ಪಾರ್ಕಿಗೆ ವಾಕಿಂಗ್ ಹೋಗಿದ್ದಿರಿ.

ಇಂಗ್ಲಿಷರ ಹಾಸ್ಯವನ್ನು ಊರೂರಿನವರೂ ಯಾಕೆ ತಮ್ಮದು ಅಂದುಕೊಳ್ಳುತ್ತಾರೆ ಎನ್ನುವುದಕ್ಕೆ ಸ್ವರೂಪ್ ಅವರದೊಂದು ಸಿದ್ಧಾಂತವಿತ್ತು. ಮನೆಗೆ ಊಟಕ್ಕೆ ಬಂದವರಿಗೆಲ್ಲ ಒಪ್ಪಿಸುತ್ತಿದ್ದರು, ಸಾರು ತಣ್ಣಗಾಗುತ್ತಿತ್ತು. ಬೇರೆಯವರ ತಮಾಷೆಯಲ್ಲಿ ಜಾಣ ಗೆಲ್ಲುತ್ತಾನೆ, ಇವರದರಲ್ಲಿ ಸೋಲುವವನೇ ನಾಯಕ. ಪ್ರತಿ ವಾರ ಮಾನ ಕಳೆದುಕೊಳ್ಳುತ್ತಾನೆ, ಮರುವಾರ ಅದೇ ಕೋಟಿಗೆ ಗುಂಡಿ ಹಾಕಿಕೊಂಡು ಏನೂ ಆಗಿಲ್ಲವೆನ್ನುವಂತೆ ಬರುತ್ತಾನೆ. ಮುಖದ ಮೇಲೆ ನಗುವಿಲ್ಲ. ತಾನು ನಗಿಸುತ್ತಿದ್ದೇನೆ ಅಂತ ಅವನಿಗೇ ಗೊತ್ತಿಲ್ಲ. ಯಾರೂ ಯಾರನ್ನೂ ತಬ್ಬಿಕೊಳ್ಳುವುದಿಲ್ಲ, ಪ್ರೀತಿ ಅಂತ ಬಾಯಿ ಬಿಡುವುದಿಲ್ಲ. ಅಂಥ ಮಾತು ಬರುವ ಹೊತ್ತಿಗೆ ಸರಿಯಾಗಿ ಮಳೆಯ ವಿಷಯ ತೆಗೆಯುತ್ತಾರೆ, ಇಲ್ಲವೇ ಟೀ ಮಾಡಲು ಏಳುತ್ತಾರೆ. "ಇಂಥವರು ಎಲ್ಲರ ಮನೇಲೂ ಒಬ್ಬರು ಇರ್ತಾರೆ. ಬೇರೆಯವರ ಮನೆಯವರು ಅಂದ್ಕೊಂಡು ನಗೋಕೆ ಶುರು ಮಾಡ್ತೀವಿ, ಆಮೇಲೆ ನಮ್ಮನೆಯವರೇ ಅಂತ ಗೊತ್ತಾಗತ್ತೆ" ಅನ್ನುತ್ತಿದ್ದರು.

ಅದು ನಿಜವಿರಬೇಕು. ಮಂಗಳೂರಿನ ಪೀಟರ್, "ಇದು ನಮ್ಮ ಚರ್ಚಿನ ಸೆಕ್ರೆಟರಿ ಮಾರಾಯ, ಎಂತದೂ ಸಂಶಯ ಇಲ್ಲ" ಅಂದರು. ಕೆಳಗಿನ ಮನೆಯಾಕೆ ಫ್ರೌ ಶೋಲ್ಟ್ಸ್‌ಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೂ ಒಂದು ಸಂಜೆ ನಮ್ಮ ಜೊತೆ ಕೂತು ನೋಡಿ ನಕ್ಕೂ ನಕ್ಕೂ ಕಣ್ಣು ಒರೆಸಿಕೊಂಡು, ಇದು ತೀರಿಹೋದ ತನ್ನ ಗಂಡ ಅಂದರು. ಮೆಟ್ಟಿಲು ಗುಡಿಸುವ ಸರದಿ ಯಾರದೆಂದು ಆತ ಬೋರ್ಡು ಬರೆದು ತೂಗುಹಾಕುತ್ತಿದ್ದರಂತೆ. ಆ ಬೋರ್ಡು ಇನ್ನೂ ಅಲ್ಲೇ ಇದೆ, ಅವರು ತೆಗೆದಿಲ್ಲ.

ಸ್ವರೂಪ್ ಆಫೀಸಿನಿಂದ ಬಂದು ಟೀ ಲೋಟ ಹಿಡಿದು ಕೂರುತ್ತಿದ್ದರು. ಧಾತ್ರಿ ತೊಡೆಯ ಮೇಲೆ. ವೆದರ್‌ಬಿ ಕೊಡೆ ಹಿಡಿದು ಗೇಟು ತೆರೆಯುತ್ತಿದ್ದಂತೆ, "ನೋಡು ಪುಟ್ಟಿ, ತಾತ ಬಂದ್ರು" ಅನ್ನುವರು. ವಿಷಲ್ ಊದಿದರೆ ಇಬ್ಬರೂ ಕೂಡಿ ಊದಿದಂತೆ ಮಾಡುವರು. ನಿಮ್ಮ ಫೋಟೋ ಮನೆಯಲ್ಲಿ ಇಲ್ಲವೆಂದಲ್ಲ. ನಮ್ಮ ಮದುವೆಯದಿದೆ, ನೀವು ಮೈಸೂರು ಪೇಟ ಇಟ್ಟುಕೊಂಡು ಕೂತಿರುವುದು. ಅದನ್ನು ಅವಳು ಯಾರೋ ರಾಜ ಅಂದುಕೊಂಡಿದ್ದಾಳೆ. ಅವಳಿಗೆ ತಾತ ಅಂದರೆ ಕೊಡೆ ಹಿಡಿದು, ವಿಷಲ್ ಊದಿ, ಹುಲ್ಲು ಕಾಯುವವರು. ನಿಮ್ಮ ಮನೆಯಲ್ಲಿ ಅವಳು ನಿಮ್ಮ ಹಿಂದೆ ಹುಡುಕಿದ್ದು ಅವರನ್ನು, ಅಂದರೆ ನಿಮ್ಮನ್ನೇ. ಮಗುವಿಗೆ ನಿಮ್ಮ ಹೆಸರೇ ಹೇಳಿರಲಿಲ್ಲ ಅಂತ ನೀವು ತಿಳಿದಿರಿ. ಬೇರೆ ಯಾರ ಹೆಸರೂ ಅವಳು ಅಷ್ಟು ಸಲ ಕೇಳಿಲ್ಲ.

ಇಲ್ಲಿ ಪಾರ್ಕಿಗೆ ಹೋದರೂ ನಿಮ್ಮದೇ ಮಾತು. 'ಹುಲ್ಲು ತುಳಿಯಬೇಡಿ' ಅಂತ ಬೋರ್ಡಿದ್ದರೆ ಇಲ್ಲಿ ಯಾರೂ ತುಳಿಯುವುದಿಲ್ಲ. "ಅಪ್ಪಂಗೆ ಈ ದೇಶ ಸಿಗ್ಬೇಕಿತ್ತು ಕಣೆ, ಊದೋ ಕೆಲ್ಸಾನೇ ಇಲ್ಲ" ಅಂದು ನಗುವರು.

ಆ ಧಾರಾವಾಹಿಯ ಕೊನೆಯ ಕಂತಿನಲ್ಲಿ ವೆದರ್‌ಬಿಗೆ ನಿವೃತ್ತಿ. ಬೀಳ್ಕೊಡುಗೆಯಲ್ಲಿ ಎಲ್ಲರೂ ಅವನನ್ನು ಆಡಿಕೊಂಡು ನಗುತ್ತಾರೆ. ಅವನು ಥ್ಯಾಂಕ್ಸ್ ಹೇಳಿ, ಖಾಲಿ ಪಾರ್ಕಿಗೆ ಹೋಗಿ, ಯಾರೂ ಇಲ್ಲದ ಹುಲ್ಲಿನ ಮುಂದೆ ನಿಂತು ಒಂದು ಸಲ ಮೆಲ್ಲಗೆ ಊದುತ್ತಾನೆ. ಗೇಟು ಹಾಕಿಕೊಂಡು ಹೊರಡುತ್ತಾನೆ. ಅಲ್ಲಿಯವರೆಗೆ ಮಾತುಮಾತಿಗೂ ಕೇಳುತ್ತಿದ್ದ ಪ್ರೇಕ್ಷಕರ ನಗು ಅಲ್ಲಿ ಕೇಳುವುದಿಲ್ಲ. ಸ್ವರೂಪ್ ಟಿವಿ ಆರಿಸಿ ಫೋನೆತ್ತಿ ಮೈಸೂರಿಗೆ ಡಯಲ್ ಮಾಡಿದರು. ನೀವೇ ತೆಗೆದಿರಿ. "ಅಪ್ಪಾ" ಅಂದರು. ನೀವು, "ಇರು, ಅವಳಿಗೆ ಕೊಡ್ತೀನಿ" ಅಂದಿರಿ. ಅತ್ತೆಯ ಹತ್ತಿರ ಅವರು ಮಳೆ ಆಯಿತಾ ಅಂತ ಕೇಳಿದರು. ಫೋನಿಟ್ಟು, ನಿಮ್ಮದೇ ದನಿಯಲ್ಲಿ ಆ ಮಾತನ್ನು ನನಗೆ ಮಾಡಿ ತೋರಿಸಿದರು. ನಾನು ನಕ್ಕೆ. ತಿರುಗಿ ನೋಡಿದರೆ ಅವರು ಅಳುತ್ತಿದ್ದರು.

ನನಗೆ ನಿಮ್ಮಿಬ್ಬರ ಮೇಲೂ ಸಿಟ್ಟಿದೆ ಮಾವ. ನಗುವುದೆಂದರೆ ಹಗುರ ಮಾಡುವುದು ಅಂತ ನೀವು ತಿಳಿದಿರಿ. ನಕ್ಕರೆ ಪ್ರೀತಿ ತಾನಾಗಿ ಅರ್ಥವಾಗುತ್ತದೆ ಅಂತ ಅವರು ತಿಳಿದರು. ನಡುವೆ ಅತ್ತೆ ಮಳೆಯ ಸಮಾಚಾರ ಹೇಳುತ್ತ ಉಳಿದರು.

ಈಗ ಹೋದ ವಾರದ್ದು. ಸ್ವರೂಪ್ ಹೋದ ಮೇಲೆ ಆ ಕ್ಯಾಸೆಟ್ಟು ಹಾಕಲು ನನಗೆ ಧೈರ್ಯ ಬಂದಿರಲಿಲ್ಲ. ಧಾತ್ರಿ ಹಟ ಮಾಡಿದ್ದಕ್ಕೆ ಹಾಕಿದೆ. ವೆದರ್‌ಬಿ ಗೇಟು ತೆರೆದು ಬಂದ. ಅವಳು ಟಿವಿಯ ಹತ್ತಿರ ಹೋಗಿ, ಗಾಜಿನ ಮೇಲೆ ಕೈಯಿಟ್ಟು, "ಓಪಾ, ಪಾಪಾ ಸತ್ತು ಹೋದ್ರು" ಅಂದಳು. ತಾತನಿಗಿನ್ನೂ ಯಾರೂ ತಿಳಿಸಿಲ್ಲ ಅಂದುಕೊಂಡಿದ್ದಳು. ಅಷ್ಟರಲ್ಲಿ ವೆದರ್‌ಬಿ ಒದ್ದೆ ಹುಲ್ಲಿನ ಮೇಲೆ ಜಾರಿ ಬಿದ್ದ, ಜನ ಗೊಳ್ಳೆಂದು ನಕ್ಕರು. ಅವಳು ತಿರುಗಿ ನನ್ನನ್ನು ನೋಡಿದಳು. ಪಾಪಾ ಸತ್ತರು ಅಂದರೆ ಯಾಕಮ್ಮ ನಗುತ್ತಾರೆ ಅಂತ ಕೇಳಿದಳು. ನಾನು ಟಿವಿ ಆರಿಸಿ ಅವಳನ್ನು ಎತ್ತಿಕೊಂಡೆ.

ಆ ಮಾತು ಹೇಳಿದರೆ ನಗದೆ ಕೇಳಿಸಿಕೊಳ್ಳುವ ತಾತ ಅವಳಿಗೆ ಬೇಕು. ನೀವು ಬರಬೇಕು. ನಿಮಗೂ ಅತ್ತೆಗೂ ಆಹ್ವಾನ ಪತ್ರ ಬೇರೆ ಕಳಿಸುತ್ತಿದ್ದೇನೆ, ವೀಸಾಕ್ಕೆ ಅದು ಬೇಕಂತೆ. ಬರುವಾಗ ಕೊಡೆ ತನ್ನಿ. ಸೂಟ್‌ಕೇಸಿನೊಳಗೆ ಮಡಚಿಡಬೇಡಿ, ಕಂಕುಳಲ್ಲೇ ಇರಲಿ. ಫ್ರಾಂಕ್‌ಫರ್ಟ್ ಏರ್‌ಪೋರ್ಟಿನಲ್ಲಿ ಅದನ್ನು ನೋಡಿದರೆ ಧಾತ್ರಿ ಗುರುತು ಹಿಡಿಯುತ್ತಾಳೆ.

ಅತ್ತೆಗೆ ನನ್ನ ನಮಸ್ಕಾರ. ಈಗ ಬೇಕಾದರೆ ಕಾಗದವನ್ನು ಅವರಿಗೆ ಕೊಡಿ.

ಸ್ವರೂಪ್ ಇಲ್ಲದ ಮನೆಯಿಂದ,
ನಿಮ್ಮ ಸೊಸೆ
ನಿಶ್ಚಿತಾ

ಮತ್ತೆ: ಸಿದ್ದರಾಮಪ್ಪನವರ ಹತ್ತಿರ ಹೋಗಿ ಒಂದು ಒಳ್ಳೆಯ ಮಾತಾಡಿ ಬನ್ನಿ. ಅವರು ಏನನ್ನೂ ಎತ್ತಿಕೊಂಡಿರಲಿಲ್ಲ. ಆಸ್ಪತ್ರೆಯವರು ಸ್ವರೂಪ್ ಕೋಟಿನ ಜೇಬಿನಲ್ಲಿದ್ದದ್ದನ್ನು ಚೀಲದಲ್ಲಿ ಹಾಕಿ ನನಗೆ ಕೊಟ್ಟರು. ಮನೆಯ ಬೀಗದ ಕೈ, ಬಸ್ ಪಾಸು, ನಿಮ್ಮ ಹಿತ್ತಾಳೆ ವಿಷಲ್. ಬೀಳ್ಕೊಡುಗೆಯ ದಿನದಿಂದ ಅದು ಅವರ ಹತ್ತಿರವೇ ಇತ್ತು. ಪಾರ್ಸೆಲ್ ಮಾಡಿ ಕಳಿಸಿಬಿಡಿ ಅಂತ ನಾನೊಮ್ಮೆ ಹೇಳಿದ್ದಕ್ಕೆ, "ಬೇಡ, ಕೈಗೇ ಕೊಡ್ಬೇಕು, ಬೈಸ್ಕೊಂಡು ಕೊಡ್ಬೇಕು" ಅಂದಿದ್ದರು. ನಾನೂ ಪಾರ್ಸೆಲ್ ಮಾಡುವುದಿಲ್ಲ. ಬೈಸಿಕೊಳ್ಳಲು ಈಗ ನಾನಿದ್ದೇನೆ, ಬಂದು ತೆಗೆದುಕೊಳ್ಳಿ.