ಪುರಭವನದ ಬಾಗಿಲು

10 ಜೂನ್ 2024, ಚಾಮರಾಜನಗರ

ಮತ್ತೆ ಕರೆಂಟ್ ಹೋಯಿತು. ಪುಣ್ಯಕ್ಕೆ ಡ್ರಾಯಿಂಗ್ ಸೇವ್ ಮಾಡಿದ್ದೆ. ಗುಂಡ್ಲುಪೇಟೆಯ ಹೊಸ ಪುರಭವನ. ಆರು ಕಂಬ, ಮೇಲೆ ತ್ರಿಕೋನ, ಎಡಬಲ ಸಮ, ನಟ್ಟನಡುವೆ ದೊಡ್ಡ ಬಾಗಿಲು. ಯುರೋಪಿನವರು ಹಿಂದೆ ಗ್ರೀಕ್ ದೇವಸ್ಥಾನದ ಮಾದರಿಯ ಕಂಬಗಳನ್ನು ತಂದು ಕೋರ್ಟು, ಲೈಬ್ರರಿಗಳ ಮುಂದೆ ನಿಲ್ಲಿಸಿದರಂತೆ — ಇಲ್ಲಿ ವಿವೇಕವೇ ದೊಡ್ಡದು, ಎಲ್ಲರೂ ಒಂದೇ ಮೆಟ್ಟಿಲು ಹತ್ತಿ ಬನ್ನಿ ಅಂತ. ಡಿಪ್ಲೊಮಾದಲ್ಲಿ ಬಾಯಿಪಾಠ ಮಾಡಿದ್ದು. ಈಗ ನಾನೇ ಬರೆಯುವಾಗ ಮೈ ಜುಮ್ಮೆನ್ನುತ್ತದೆ.

ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಜೀವಮಾನವೆಲ್ಲ ಧಣಿಗಳ ಮನೆಗೆ ಹಿತ್ತಲಿನಿಂದಲೇ ಹೋಗಿ ಬಂದವನು.

"ನೀ ಬರ್ದಿರೋ ಬಾಗ್ಲಲ್ಲಿ ನಾನೇ ಮೊದ್ಲು ಓಗೋದು ಕಣಮ್ಮಿ!"

ಎಷ್ಟು ನಕ್ಕ!

20 ಜೂನ್

ಎಲ್ಲ ಕೆಟ್ಟಿತು. ಪುರಭವನ ಕಮಿಟಿಯ ಅಧ್ಯಕ್ಷ ಮಲ್ಲಿಕಾರ್ಜುನಸ್ವಾಮಿ ವಾಸ್ತುವಿನವರನ್ನು ಕಟ್ಟಿಕೊಂಡು ಆಫೀಸಿಗೇ ಬಂದರು. ರಸ್ತೆ ಇರುವುದು ದಕ್ಷಿಣಕ್ಕೆ. ದಕ್ಷಿಣದ ಬಾಗಿಲು ಅಧ್ಯಕ್ಷರ ಕುರ್ಚಿಗೆ ಕಂಟಕವಂತೆ.

"ಕಂಬ, ಬಾಗ್ಲು ಎಲ್ಲಾ ಇರ್ಲಿ ಕಣಮ್ಮ, ನೋಡಕ್ಕೆ ಚೆನ್ನಾಗದೆ. ಬಾಗ್ಲು ಹಿಂದೆ ಒಂದು ಗೋಡೆ ಎತ್ಬುಡಿ, ಸಾಕು. ಜನ ಹಿಂದ್ಗಡೆಯಿಂದ ಬರ್ಲಿ."

"ಹಿಂದೆ ಟಾಯ್ಲೆಟ್ ಇದೆ ಸಾರ್..."

"ಅದ್ರ ಪಕ್ಕದಲ್ಲೇ ದಾರಿ ಬುಡಿ."

ನಮ್ಮ ಆಫೀಸಿನ ಓನರ್ ಚಂದ್ರಕುಮಾರ್ ಸಾರ್ ಕಣ್ಣಲ್ಲೇ ಗದರಿಸಿದರು. ಇವರ ವಾಸ್ತುವಿಗಷ್ಟು ಬೆಂಕಿ ಹಾಕ! ಪ್ಲ್ಯಾನಿನಲ್ಲಿ ಆ ಗೋಡೆ ಎಳೆದದ್ದೂ ಈ ಕೈಯೇ. ಬಾತ್‌ರೂಮಿಗೆ ಹೋಗಿ ಅತ್ತೆ.

2 ಜುಲೈ

ಅಪ್ಪನಿಗೆ ಇನ್ನೂ ಹೇಳಿಲ್ಲ. ಉದ್ಘಾಟನೆಗೆ ಅಂತ ಬಿಳಿ ಷರ್ಟ್ ಹೊಲಿಸುತ್ತಾನಂತೆ — ಅವ್ವ ಹೇಳಿದಳು. ಫೋನಿಟ್ಟೆ.

24 ಆಗಸ್ಟ್ 2025, ಗುಂಡ್ಲುಪೇಟೆ, ಮಧ್ಯಾಹ್ನ

ಪುರಭವನದ ಎದುರಿನ ಟೀ ಅಂಗಡಿ. ನೀರು ತರುತ್ತೇನೆ ಅಂತ ಅಪ್ಪನಿಂದ ತಪ್ಪಿಸಿಕೊಂಡು ಬಂದು ಮೊಬೈಲಿನಲ್ಲಿ ಬರೆಯುತ್ತಿದ್ದೇನೆ. ಇವತ್ತು ಉದ್ಘಾಟನೆ. ಬಸ್ಸಿನಲ್ಲಿ ಹೇಳಿಬಿಡೋಣ ಅಂದುಕೊಂಡೆ. ದಾರಿಯುದ್ದಕ್ಕೂ ಪಕ್ಕದ ಸೀಟಿನವರಿಗೆಲ್ಲ ನನ್ನನ್ನು ತೋರಿಸುತ್ತಿದ್ದ. ಹೇಗೆ ಹೇಳಲಿ?

ಅಪ್ಪ ಚಪ್ಪಲಿ ಕೆಳಗೆ ಬಿಟ್ಟು ಮೆಟ್ಟಿಲು ಹತ್ತಿದ. ಎರಡೂ ಕೈಯಲ್ಲಿ ಬಾಗಿಲು ನೂಕಿದ. ಮತ್ತೆ ನೂಕಿದ. ಶಾಮಿಯಾನದವನು ಕೂಗಿದ, "ಅಣ್ಣೋ, ಅದು ಬರೀ ಶೋಗೆ! ಇಂದೆ ಗೋಡೆ ಅದೆ. ಇತ್ಲಾಗೆ ಸುತ್ಕೊಂಡು ಬಾ."

ಅಪ್ಪ ಅಲ್ಲಾಡಲಿಲ್ಲ.

"ನಮ್ ಉಡ್ಗಿ ಬರ್ದಿರೋ ಬಾಗ್ಲು ಕಣ್ಲಾ ಇದು. ಗೋಡೆ ಅಂತೀಯಲ್ಲ, ತಲೆ ನೆಟ್ಟಗದಾ ನಿಂಗೆ?"

ಜನ ಸೇರಿದ್ದಾರೆ. ನಗುತ್ತಿದ್ದಾರೆ. ಅಪ್ಪ ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ರಸ್ತೆಯ ಈಚೆ ನನ್ನನ್ನೇ ಹುಡುಕುತ್ತಿದ್ದಾನೆ. ಅವನ ಕಣ್ಣಿಗೆ ಬಿದ್ದುಬಿಟ್ಟೆ. ಕೈಬೀಸಿ ಕರೆಯುತ್ತಿದ್ದಾನೆ.

"ಬಾ ಕಣಮ್ಮಿ, ನೀನೇ ಯೋಳು ಇವ್ನಿಗೆ!"

ಹೋಗಲೇಬೇಕು. ಹೋಗಿ ಏನಂತ ಹೇಳಲಿ?